ಚಿಕ್ಕ ಮನೆ, ಮೂವತ್ತು ಕಿಪ್ಪಾ: ಎಲ್ಲಿಡೋದು?

ಪ್ರಶ್ನೆ: ನಾನು ಮೈಸೂರಿನವಳು. ಈಗ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದೇನೆ. ಗಂಡ ಯಹೂದಿ, ಮದುವೆಗೆ ಮುಂಚೆ ನಾನೂ ಅದೇ ಧರ್ಮಕ್ಕೆ ಸೇರಿದೆ. ನಮ್ಮದು ಶಬ್ಬಾತ್, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗಿನ ವಿಶ್ರಾಂತಿಯ ದಿನ, ಪಾಲಿಸುವ ಮನೆ. ಒಂದೇ ಬೆಡ್‌ರೂಮು, ಒಂದು ಪುಟ್ಟ ಹಾಲ್. ಮಗನಿಗೆ ಮೂರೂವರೆ ವರ್ಷ, ಮಗಳಿಗೆ ಎಂಟು ತಿಂಗಳು. ಮೂರು ವರ್ಷ ತುಂಬಿದಾಗ ಮಗನ ಕೂದಲು ತೆಗೆಸಿ ಕಿಪ್ಪಾ, ಅಂದರೆ ಯಹೂದಿ ಗಂಡಸರು ತಲೆಗೆ ಹಾಕುವ ಪುಟ್ಟ ಟೋಪಿ, ಹಾಕಿಸಿದೆವು. ಅವತ್ತಿನಿಂದ ಮನೆ ತುಂಬ ಈ ಪುಟ್ಟ ಟೋಪಿಗಳೇ. ಜೆರುಸಲೇಮಿನಿಂದ ಅತ್ತೆ ಹೆಣೆದು ಕಳಿಸುತ್ತಾರೆ. ಮದುವೆಗಳಲ್ಲಿ ಕೊಡುತ್ತಾರೆ. ಪಕ್ಕದ ಮನೆಯ ಬುಖಾರಿ (ಮಧ್ಯ ಏಷ್ಯಾ ಮೂಲದ ಯಹೂದಿ) ಅಜ್ಜಿ ಜರಿ ಕಸೂತಿಯದ್ದೊಂದು ಕೊಟ್ಟಿದ್ದಾರೆ. ಮೂವತ್ತರ ಮೇಲಿರಬಹುದು. ಆದರೂ ಬೆಳಿಗ್ಗೆ ಹೊರಡುವಾಗ ಒಂದೂ ಕೈಗೆ ಸಿಗುವುದಿಲ್ಲ. ಸಿಕ್ಕಿದರೆ ಕ್ಲಿಪ್ ಇರುವುದಿಲ್ಲ. ನಮ್ಮಮ್ಮ ಬಂದಿದ್ದಾಗ ನೆಲದ ಮೇಲೆ ಬಿದ್ದಿದ್ದನ್ನು ಕಣ್ಣಿಗೊತ್ತಿಕೊಂಡು ಬೀರುವಿನ ಮೇಲೆ ಎತ್ತಿಟ್ಟರು. ದೇವರ ಸಾಮಾನಿನ ಹಾಗೆ ಬೇರೆ ಇಡಬೇಕಾ? ಹಳೆಯದನ್ನು ಎಸೆಯಬಹುದಾ? ಬಾಡಿಗೆ ಮನೆ, ಗೋಡೆ ಕೊರೆಯುವ ಹಾಗಿಲ್ಲ.

ಉತ್ತರ: ನಿಮ್ಮಮ್ಮನ ವಿಷಯದಿಂದಲೇ ಶುರು ಮಾಡೋಣ. ಅದು ತೀರ್ಮಾನವಾಗದೆ ಜಾಗ ಗೊತ್ತುಮಾಡುವುದಕ್ಕೆ ಆಗುವುದಿಲ್ಲ.

ತಲೆ ಮುಚ್ಚಿಕೊಳ್ಳುವ ಆಚಾರಕ್ಕೆ ದೊಡ್ಡ ಗೌರವವಿದೆ. ಆದರೆ ಕಿಪ್ಪಾ ಅನ್ನುವ ಬಟ್ಟೆಗೆ ಪೂಜೆಯ ಸಾಮಾನಿನ ಸ್ಥಾನ ಇಲ್ಲ. ಧರ್ಮಗ್ರಂಥ ತೋರಾದ ಸುರುಳಿ, ಬಾಗಿಲ ಚೌಕಟ್ಟಿಗೆ ಹಾಕುವ ಮೆಝೂಝಾ ಎಂಬ ಶ್ಲೋಕದ ಸುರುಳಿ, ದೇವರ ಹೆಸರು ಅಚ್ಚಾಗಿರುವ ಪ್ರಾರ್ಥನೆ ಪುಸ್ತಕ, ಇವನ್ನೆಲ್ಲ ಹಳತಾದರೂ ಕಸಕ್ಕೆ ಹಾಕುವ ಹಾಗಿಲ್ಲ. ಸಿನಗಾಗ್‌ಗೆ, ಅಂದರೆ ಯಹೂದಿ ಪ್ರಾರ್ಥನಾ ಮಂದಿರಕ್ಕೆ, ಕೊಟ್ಟರೆ ಅವರು ಸೇರಿಸಿಟ್ಟು ಮಣ್ಣಿನಲ್ಲಿ ಹೂಳಿಸುತ್ತಾರೆ. ಕಿಪ್ಪಾಗೆ ಆ ನಿಯಮವಿಲ್ಲ. ಒಗೆಯಬಹುದು, ಹರಿದಲ್ಲಿ ಹೊಲಿಯಬಹುದು, ಸಾಕ್ಸ್ ಇಡುವ ಡ್ರಾಯರಿನಲ್ಲೇ ಇಡಬಹುದು. ಹಾಗಂತ ನೆಲ ಒರೆಸುವುದಕ್ಕೆ ಬಳಸಬೇಡಿ ಅಷ್ಟೆ. ಅಮ್ಮ ಕಣ್ಣಿಗೊತ್ತಿಕೊಂಡರೆ ಒತ್ತಿಕೊಳ್ಳಲಿ ಬಿಡಿ. ಬಿದ್ದ ಕಿಪ್ಪಾ ಎತ್ತಿ ಮುತ್ತಿಡುವ ಯಹೂದಿ ಅಜ್ಜಿಯರೂ ಇದ್ದಾರೆ. ತೊಂದರೆ ಇರುವುದು ಅದಾದ ಮೇಲೆ ಅವರು ಬೀರುವಿನ ಮೇಲೆ ಎತ್ತಿಟ್ಟರಲ್ಲ, ಅಲ್ಲಿ. ನಿಮ್ಮ ಮನೆಯಲ್ಲಿ ಕಿಪ್ಪಾಗಳೆಲ್ಲ ದೊಡ್ಡವರ ಕೈಗೆ ಸಿಗುವ ಎತ್ತರದಲ್ಲಿವೆ, ಹಾಕಿಕೊಳ್ಳುವವನ ಕೈಗೆ ಸಿಗುವ ಎತ್ತರದಲ್ಲಿಲ್ಲ. ನೀವು ಎಷ್ಟು ಚೆಂದದ ಡಬ್ಬಿ ತಂದರೂ ಇದು ಸರಿಹೋಗುವವರೆಗೆ ಬೆಳಗಿನ ಹುಡುಕಾಟ ನಿಲ್ಲುವುದಿಲ್ಲ.

ಯಹೂದಿಗಳ ಹಳೆಯ ಧರ್ಮಶಾಸ್ತ್ರ ಗ್ರಂಥ ತಾಲ್ಮುಡ್‌ನಲ್ಲಿ ರವ್ ಯೆಹೋಶುವಾ ಅವರ ಮಗ ರವ್ ಹುನಾ ಎಂಬ ಪಂಡಿತರ ಮಾತು ಬರುತ್ತದೆ. ಅವರು ಬರಿತಲೆಯಲ್ಲಿ ನಾಲ್ಕು ಮೊಳ ದೂರವೂ ನಡೆಯುತ್ತಿರಲಿಲ್ಲವಂತೆ. ನಾಲ್ಕು ಮೊಳ ಅಂದರೆ ಸುಮಾರು 2 ಮೀಟರ್. ಇದನ್ನು ಇವತ್ತಿಗೂ ಪಾಲಿಸುವವರು ಕಿಪ್ಪಾವನ್ನು ಎಲ್ಲಿಡುತ್ತಾರೆ ನೋಡಿ: ಹಾಸಿಗೆಯ ಪಕ್ಕದಲ್ಲಿ. ಕಣ್ಣುಬಿಟ್ಟು ಕೈಚಾಚಿದರೆ ಸಿಗಬೇಕು. ಚಿಕ್ಕ ಮನೆಗೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ. ನಿಮ್ಮ ಮಗನ ಮಂಚದಿಂದ ನಾಲ್ಕು ಮೊಳದೊಳಗೆ ದಿನಬಳಕೆಯ ಕಿಪ್ಪಾಗಳಿರಲಿ, ಉಳಿದವು ಎಲ್ಲಿದ್ದರೂ ನಡೆಯುತ್ತದೆ.

ಅದೇ ತಾಲ್ಮುಡ್‌ನಲ್ಲಿ ಒಬ್ಬ ತಾಯಿಯ ಕಥೆಯೂ ಇದೆ. ನಿನ್ನ ಮಗ ಕಳ್ಳನಾಗುತ್ತಾನೆ ಅಂತ ಜ್ಯೋತಿಷಿಗಳು ಆಕೆಗೆ ಹೇಳಿದ್ದರು. ಆಕೆ ಮಗನನ್ನು ಬರಿತಲೆಯಲ್ಲಿ ಇರುವುದಕ್ಕೇ ಬಿಡಲಿಲ್ಲ. ತಲೆ ಮುಚ್ಚಿಕೋ, ದೇವರ ಭಯ ಇರುತ್ತೆ ಅನ್ನುತ್ತಿದ್ದಳು. ಒಂದು ದಿನ ಹುಡುಗ ಖರ್ಜೂರದ ಮರದ ಕೆಳಗೆ ಕೂತು ಓದುತ್ತಿದ್ದಾಗ ತಲೆಯ ಮೇಲಿನ ಬಟ್ಟೆ ಜಾರಿತು. ಆಸೆ ತಡೆಯಲಾಗದೆ ಮರ ಹತ್ತಿ, ತನ್ನದಲ್ಲದ ಗೊನೆಗೆ ಬಾಯಿ ಹಾಕಿಬಿಟ್ಟ. ತಲೆಯ ಮೇಲೆ ನಿಲ್ಲದೆ ಜಾರುವ ಟೋಪಿ ಆಗಿನ ಕಾಲದ ತಾಯಂದಿರಿಗೂ ತಲೆನೋವೇ ಆಗಿತ್ತು ಅನ್ನಿ.

ನಿಮ್ಮ ಮಗ ಇನ್ನೂ ಪುಟ್ಟವನು. ಹುಡುಗರಿಗೆ ಆಚರಣೆಯ ಹೊಣೆ ಬರುವುದು ಹದಿಮೂರಕ್ಕೆ. ಈಗ ಅಭ್ಯಾಸ ಮಾಡಿಸುತ್ತಿದ್ದೀರಿ, ಅಷ್ಟೆ. ಒಂದು ಬೆಳಿಗ್ಗೆ ಸಿಗಲಿಲ್ಲ ಅಂದರೆ ಅವನ ಮೇಲೆ ರೇಗಬೇಡಿ. ಬ್ಯಾಗಿನಲ್ಲಿರುವುದನ್ನು ಹಾಕಿ ಕಳಿಸಿ.

ಈಗ ಎಣಿಕೆಗೆ ಬರೋಣ. ಒಂದು ಭಾನುವಾರ ಎಲ್ಲವನ್ನೂ ಮಂಚದ ಮೇಲೆ ಹರಡಿ. ಸೋಫಾ ಸಂದಿ, ಸ್ಟ್ರಾಲರಿನ ಬುಟ್ಟಿ, ಗಂಡನ ಕೋಟಿನ ಜೇಬು, ಎಲ್ಲ ಕಡೆ ಹುಡುಕಿ ತನ್ನಿ. ಶೂ, ಶರಟು ಆದರೆ ಚಿಕ್ಕದಾದವನ್ನು ತೆಗೆದರೆ ರಾಶಿ ತಾನಾಗಿ ಕರಗುತ್ತದೆ. ಇಲ್ಲಿ ಆ ಉಪಾಯ ನಡೆಯುವುದಿಲ್ಲ. ಮೂರು ವರ್ಷ ದಾಟಿದ ಮೇಲೆ ತಲೆಯ ಸುತ್ತಳತೆ ತೀರಾ ನಿಧಾನವಾಗಿ ಹೆಚ್ಚುತ್ತದೆ, ವರ್ಷಕ್ಕೆ ಅರ್ಧ ಸೆಂಟಿಮೀಟರಿನ ಆಸುಪಾಸು. ಇವತ್ತು ಆಗುವ ಕಿಪ್ಪಾ ಆರು ವರ್ಷಕ್ಕೂ ಆಗಬಹುದು. ಅದಕ್ಕೇ ಯಹೂದಿ ಮನೆಗಳಲ್ಲಿ ಇವು ಗುಡ್ಡೆ ಬೀಳುವುದು. ಯಾವುದೂ ಸವೆಯುವುದಿಲ್ಲ, ಯಾವುದೂ ಚಿಕ್ಕದಾಗುವುದಿಲ್ಲ, ಪ್ರತಿ ಮದುವೆಯಿಂದ ಇನ್ನೊಂದು ಬರುತ್ತದೆ.

ಹಾಗಾಗಿ ಅಳತೆ ಬಿಟ್ಟುಬಿಡಿ. ತಲೆಯ ಮೇಲೆ ನಿಲ್ಲುತ್ತದಾ ಅಂತ ನೋಡಿ. ಮಗನಿಗೆ ಒಂದೊಂದನ್ನೇ ಹಾಕಿ ಹತ್ತು ಸಲ ಕುಣಿಯುವುದಕ್ಕೆ ಹೇಳಿ. ಇಂಥ ಕೆಲಸಕ್ಕೆ ಮಕ್ಕಳು ಖುಷಿಯಿಂದ ಬರುತ್ತಾರೆ. ಮದುವೆಗಳಲ್ಲಿ ಹಂಚುವ ಸ್ಯಾಟಿನ್ ಕಿಪ್ಪಾ ಮೊದಲು ಬೀಳುತ್ತದೆ. ಆ ಬಟ್ಟೆ ನುಣುಪು, ಜೊತೆಗೆ ಸಾಮಾನ್ಯವಾಗಿ ದೊಡ್ಡವರ ಅಳತೆಯದ್ದು. ಮಖಮಲ್ಲಿನದ್ದು ಹೊರಗಡೆ ಒರಟಾಗಿದ್ದರೂ ಒಳಗಿನ ಅಸ್ತರಿಯಿಂದಾಗಿ ಜಾರುತ್ತದೆ. ಹತ್ತಿ ದಾರದಲ್ಲಿ ಕ್ರೋಶಾ ಹೆಣೆದಿದ್ದು, ಸ್ವೇಡ್ ಚರ್ಮದ್ದು ಕೂದಲಿಗೆ ಹಿಡಿದುಕೊಳ್ಳುತ್ತವೆ. ಬುಖಾರಿ ಟೋಪಿ ಆಳವಾಗಿ ತಲೆಯನ್ನೇ ಆವರಿಸಿ ಕೂರುವುದರಿಂದ ಅದಕ್ಕೆ ಕ್ಲಿಪ್ಪೇ ಬೇಡ. ಕುಣಿತದಲ್ಲಿ ಗೆದ್ದವುಗಳಲ್ಲಿ ಐದು ದಿನಬಳಕೆಗೆ ಸಾಕು, ವಾರಕ್ಕೊಮ್ಮೆ ಒಗೆಯುತ್ತೀರಲ್ವಾ. ಎರಡು ಶಬ್ಬಾತ್‌ಗೆ. ಒಂದು ಶಾಲೆಯ ಬ್ಯಾಗಿನಲ್ಲಿ, ಹೆಸರು ಬರೆದು. ಒಂದು ಸ್ಟ್ರಾಲರಿನಲ್ಲಿ. ಒಟ್ಟು ಒಂಬತ್ತು. ಉಳಿದ ಇಪ್ಪತ್ತಕ್ಕೂ ಜಾಸ್ತಿ ಟೋಪಿಗಳು ದಿನನಿತ್ಯದ ಜಾಗದಿಂದ ಆಚೆ ಹೋಗಬೇಕು.

ಈ ಐದಕ್ಕೆ ಏನು ವ್ಯವಸ್ಥೆ? ಬಹಳ ಜನ ಬಾಗಿಲಿಗೆ ನೇತುಹಾಕುವ ಪ್ಲಾಸ್ಟಿಕ್ ಪಾಕೆಟ್ಟುಗಳನ್ನು ತರುತ್ತಾರೆ, ಚಪ್ಪಲಿ ಇಡುವುದಕ್ಕೆ ಬರುತ್ತಲ್ಲ, ಅದೇ. ಒಂದೊಂದು ಪಾಕೆಟ್ಟಿಗೆ ಒಂದೊಂದು ಕಿಪ್ಪಾ. ನೋಡಲು ಸೊಗಸು. ಮೇಲಿನ ಸಾಲುಗಳು ಮಗುವಿಗೆ ಎಟುಕುವುದಿಲ್ಲ, ಕೆಳಗಿನ ಸಾಲುಗಳಲ್ಲಿ ಒಂದು ವಾರದೊಳಗೆ ಆಟದ ಕಾರು, ಬಿಸ್ಕತ್ತು ಸೇರಿರುತ್ತವೆ. ನೀವು ಅದನ್ನು ಬೀರುವಿನ ಬಾಗಿಲಿನ ಒಳಗಡೆ ಹಾಕಿ ಅತಿಥಿಗಳ ಕಿಪ್ಪಾಗೆ ಬಳಸಿ, ಚೆನ್ನಾಗಿ ಬರುತ್ತದೆ. ರಿಬ್ಬನ್ನಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ ಸಾಲಾಗಿ ನೇತುಹಾಕುವುದೂ ಇದೆ. ಫೋಟೋಗೆ ಸರಿ. ಮೂರೂವರೆ ವರ್ಷದ ಬೆರಳಿಗೆ ಬಟ್ಟೆ ಕ್ಲಿಪ್ ಒತ್ತಿ ವಾಪಸ್ ಸಿಕ್ಕಿಸುವುದು ಕಷ್ಟ. ಮಗಳು ತೊಟ್ಟಿಲಿನಿಂದ ಕೈಚಾಚುವ ವಯಸ್ಸು ಬೇರೆ. ತೊಟ್ಟಿಲ ಹತ್ತಿರ ರಿಬ್ಬನ್ನು, ದಾರ, ಯಾವುದೂ ನೇತಾಡಬಾರದು, ಕೊರಳಿಗೆ ಸುತ್ತಿಕೊಳ್ಳುವ ಅಪಾಯವಿದೆ.

ಈ ವಯಸ್ಸಿನ ಮಗು ಸಲೀಸಾಗಿ ಮಾಡುವುದು ಒಂದೇ ಕೆಲಸ, ಒಳಗೆ ಎಸೆಯುವುದು. ಮುಚ್ಚಳ ಬೇಡ, ಬಾಗಿಲು ಬೇಡ, ಖಾನೆಗಳು ಬೇಡ. ಒಂದೂವರೆ ಗೇಣು ಅಗಲದ, ಬಾಯಿ ತೆರೆದ, ಆಳ ಕಡಿಮೆಯಿರುವ ಒಂದು ಬುಟ್ಟಿ ಸಾಕು. ಬಟ್ಟಲುಗಳ ಹಾಗೆ ಕಿಪ್ಪಾಗಳು ಒಂದರೊಳಗೊಂದು ಕೂರುತ್ತವೆ, ಐದಕ್ಕೆ ಜಾಗವೇ ಬೇಕಾಗುವುದಿಲ್ಲ. ಬುಟ್ಟಿ ಅವನ ಮಂಚದ ಪಕ್ಕ, ನೆಲದಿಂದ 60ರಿಂದ 80 ಸೆಂಟಿಮೀಟರ್ ಎತ್ತರದಲ್ಲಿರಲಿ. ಪುಟ್ಟ ಸ್ಟೂಲಿನ ಮೇಲೋ, ಬಟ್ಟೆ ಡ್ರಾಯರಿನ ಮೇಲೋ ಆಗಬಹುದು. ಹಾಂ, ಡ್ರಾಯರಿನ ಮೇಲಾದರೆ ಆ ಡ್ರಾಯರನ್ನು ಗೋಡೆಗೆ ಬಿಗಿದಿರಬೇಕು. ಮಕ್ಕಳು ಬುಟ್ಟಿಗೆ ಎಟುಕಲು ಕೆಳಗಿನ ಖಾನೆ ಎಳೆದು ಅದರ ಮೇಲೆ ಹತ್ತುತ್ತಾರೆ, ಇಡೀ ಡ್ರಾಯರ್ ಮೈಮೇಲೆ ಬೀಳುತ್ತದೆ. ಅದಕ್ಕೆ ಒಂದೆರಡು ತೂತು ಕೊರೆಯಲು ಮನೆ ಮಾಲೀಕರನ್ನು ಕೇಳಿಯೇ ಕೇಳಿ. ಒಪ್ಪದಿದ್ದರೆ ಸ್ಟೂಲೇ ಲೇಸು.

ಬುಟ್ಟಿಯ ಪಕ್ಕದಲ್ಲಿ ಗೋಡೆಗೆ ಅಂಟಿಸುವ ಒಂದು ಕೊಕ್ಕೆ ಹಾಕಿ. ಅದು ತ್ಸಿತ್ಸಿತ್‌ಗೆ. ಮೂಲೆಗಳಿಂದ ಎಳೆಗಳು ಇಳಿಬಿದ್ದಿರುವ ಆ ನಾಲ್ಕು ಮೂಲೆಯ ಪುಟ್ಟ ಅಂಗಿಯನ್ನು ಮಡಿಚಿಟ್ಟರೆ ಎಳೆಗಳು ಗಂಟಾಗುತ್ತವೆ, ನೇತುಹಾಕಿದರೆ ಆಗುವುದಿಲ್ಲ. ಅಂಗಿ, ಕಿಪ್ಪಾ ಎರಡೂ ಒಂದೇ ಕಡೆ ಇದ್ದರೆ ಬೆಳಿಗ್ಗೆ ಒಂದು ಸಲ ಹೇಳಿದರೆ ಸಾಕು. ಅಂಟಿಸುವ ಕೊಕ್ಕೆ ಮಂಚದ ನೇರ ಮೇಲೆ ಬೇಡ, ಬಿಟ್ಟುಕೊಂಡರೆ ತಲೆಯ ಮೇಲೆ ಬೀಳುತ್ತದೆ. ಬಾಡಿಗೆ ಮನೆ ಖಾಲಿ ಮಾಡುವಾಗ ಅಂಟಿನ ಪಟ್ಟಿಯನ್ನು ನಿಮ್ಮ ಕಡೆಗೆ ಎಳೆಯಬೇಡಿ. ಗೋಡೆಗುಂಟ ಕೆಳಕ್ಕೆ ನಿಧಾನವಾಗಿ ಎಳೆಯಿರಿ, ಬಣ್ಣ ಏಳುವುದಿಲ್ಲ.

ಮನೆಯ ಮುಂಬಾಗಿಲ ಹತ್ತಿರ ಇನ್ನೊಂದು ಕೊಕ್ಕೆ ಇರಲಿ, ಅದಕ್ಕೆ ಒಂದು ಪುಟ್ಟ ಚೀಲ. ಶಾಲೆಯಿಂದ ಬಂದ ತಕ್ಷಣ ಕಿಪ್ಪಾ ಎಲ್ಲಿ ಬೀಳುತ್ತದೆ ಅಂತ ಎರಡು ದಿನ ಸುಮ್ನೆ ಗಮನಿಸಿ. ಸಾಮಾನ್ಯವಾಗಿ ಶೂ ಬಿಚ್ಚಲು ಬಗ್ಗಿದಾಗ ಬೀಳುತ್ತದೆ. ಚೀಲ ಅಲ್ಲೇ ಇರಬೇಕು. ರಾತ್ರಿ ನೀವು ಚೀಲದಲ್ಲಿದ್ದುದನ್ನು ಬುಟ್ಟಿಗೆ ಹಾಕಿದರೆ ಆಯಿತು.

ಕ್ಲಿಪ್ಪಿನ ಕಥೆ ಬೇರೆ. ಹೊಸದಾಗಿ ಕತ್ತರಿಸಿದ ಮೃದು ಕೂದಲಿಗೆ ಬಾಬಿ ಪಿನ್ ನಿಲ್ಲುವುದಿಲ್ಲ. ಟಪ್ ಅಂತ ಮುಚ್ಚುವ ಚಪ್ಪಟೆ ಕ್ಲಿಪ್ಪೇ ವಾಸಿ. ಆದರೆ ಕ್ಲಿಪ್ಪುಗಳನ್ನು ಬೇರೆ ಡಬ್ಬಿಯಲ್ಲಿಟ್ಟರೆ ಮುಗಿಯಿತು, ಡಬ್ಬಿ ಒಂದು ಕಡೆ, ಟೋಪಿ ಇನ್ನೊಂದು ಕಡೆ. ಪ್ರತಿ ಕಿಪ್ಪಾಗೂ ಅದರದೇ ಕ್ಲಿಪ್ಪನ್ನು ಅಂಚಿನ ಒಳಗಡೆ ನಾಲ್ಕು ಹೊಲಿಗೆ ಹಾಕಿ ಕೂರಿಸಿಬಿಡಿ. ಹೀಗೆ ಹೊಲಿದೇ ಮಾರುವ ಕಿಪ್ಪಾಗಳೂ ಸಿಗುತ್ತವೆ. ಒಂಬತ್ತು ಕಿಪ್ಪಾ, ಒಂಬತ್ತು ಕ್ಲಿಪ್. ಮನೆಯಲ್ಲಿ ಬಿಡಿ ಕ್ಲಿಪ್ ಅನ್ನುವುದೇ ಇರಬಾರದು. ನಾನು ಇಷ್ಟು ಒತ್ತಿ ಹೇಳುವುದು ನಿಮ್ಮ ಮಗಳಿಗಾಗಿ. ಎಂಟು ತಿಂಗಳ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಅಮೆರಿಕದಲ್ಲಿ ಮೂರು ವರ್ಷದೊಳಗಿನವರ ಆಟಿಕೆಗಳಿಗೆ ಒಂದು ಪರೀಕ್ಷೆ ಇದೆ: ಸುಮಾರು 32 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವುದೇ ತುಂಡು ಗಂಟಲಿಗೆ ಅಪಾಯ ಅಂತ ಲೆಕ್ಕ. ಪುಟ್ಟ ಕ್ಲಿಪ್ಪುಗಳು ಅದರಲ್ಲಿ ಆರಾಮಾಗಿ ಇಳಿಯುತ್ತವೆ. ಕ್ಲಿಪ್ಪುಗಳನ್ನು ಅಂಟಿಸಿಡುವುದಕ್ಕೆ ಅಂತ ಪುಟ್ಟ ಬಲಶಾಲಿ ಆಯಸ್ಕಾಂತ ಮಾರುತ್ತಾರಲ್ಲ, ಅದನ್ನಂತೂ ಮನೆಯೊಳಗೆ ತರಲೇಬೇಡಿ. ಎರಡು ನುಂಗಿದರೆ ಕರುಳಿನ ಮಡಿಕೆಗಳ ನಡುವೆ ಒಂದನ್ನೊಂದು ಸೆಳೆದು ಕರುಳಿಗೇ ತೂತು ಮಾಡುತ್ತವೆ. ಟೋಪಿ ಬೀಳದಿರಲಿ ಅಂತ ಗದ್ದದ ಕೆಳಗೆ ದಾರ ಅಥವಾ ಎಲಾಸ್ಟಿಕ್ ಕಟ್ಟುವುದೂ ಬೇಡ. ಜಾರುಬಂಡೆಯಲ್ಲಿ ಸಿಕ್ಕಿಕೊಂಡರೆ ಕಷ್ಟ.

ಶಬ್ಬಾತ್‌ನ ಎರಡು ಕಿಪ್ಪಾಗಳನ್ನು ಬೇರೆ ಇಡಿ ಅಂದೆನಲ್ಲ, ಅದು ಚೆಂದಕ್ಕೆ ಮಾತ್ರ ಅಲ್ಲ. ಶಬ್ಬಾತ್ ದಿನ ಬೆರೆತ ರಾಶಿಯನ್ನು ವಿಂಗಡಿಸುವುದು ನಿಷಿದ್ಧ ಕೆಲಸಗಳಲ್ಲಿ ಒಂದು. ರಾಶಿಯಿಂದ ಬೇಕಾದ್ದನ್ನು ಕೈಯಿಂದ ಎತ್ತಿ ಆಗಲೇ ತಲೆಗೆ ಹಾಕಿಕೊಳ್ಳಬಹುದು. ಇದು ನಾಳೆಗೆ, ಇದು ಒಗೆಯುವುದಕ್ಕೆ ಅಂತ ಬೇರ್ಪಡಿಸಿ ಇಡುವ ಹಾಗಿಲ್ಲ. ಎಲ್ಲ ಒಂದೇ ಬುಟ್ಟಿಯಲ್ಲಿ ತುಂಬಿದ್ದರೆ ನಿಮಗೇ ಇಕ್ಕಟ್ಟು. ಶುಕ್ರವಾರ ಮಧ್ಯಾಹ್ನ ಅವನ ಬಿಳಿ ಶರಟಿನ ಹ್ಯಾಂಗರಿಗೇ ಶಬ್ಬಾತ್ ಕಿಪ್ಪಾ ಸಿಕ್ಕಿಸಿಬಿಡಿ. ಬೀರುವಿನೊಳಗೆ ಬಾಗಿಲು ತೆರೆದರೆ ತಾನೇ ಹೊತ್ತಿಕೊಳ್ಳುವ ಲೈಟ್ ಹಾಕಿಸುವ ಆಸೆ ಇದ್ದರೆ ಬಿಡಿ, ಅಥವಾ ಆಫ್ ಮಾಡುವ ಸ್ವಿಚ್ ಇರುವುದನ್ನೇ ತನ್ನಿ. ಶಬ್ಬಾತ್ ದಿನ ದೀಪ ಹೊತ್ತಿಸುವ ಹಾಗಿಲ್ಲ, ಇಲ್ಲದಿದ್ದರೆ ಅವತ್ತು ಆ ಬೀರುವನ್ನೇ ತೆರೆಯಲಾಗದು. ಚಿಕ್ಕ ಮನೆಗಳ ಬೀರು ಜೋಡಿಸುವವರು ಬಹಳ ಜನ ಇದನ್ನು ಕೇಳುವುದೇ ಇಲ್ಲ. ಇನ್ನೊಂದು: ಏರುವ್, ಅಂದರೆ ಶಬ್ಬಾತ್ ದಿನ ಸಾಮಾನು ಒಯ್ಯಬಹುದಾದ ಪ್ರದೇಶದ ಸುತ್ತ ಗುರುತಿಸಿದ ಗಡಿ, ಅದರ ಆಚೆ ಆ ದಿನ ಜೇಬಿನಲ್ಲಿ ಹೆಚ್ಚುವರಿ ಕಿಪ್ಪಾ ಒಯ್ಯುವ ಹಾಗಿಲ್ಲ. ತಲೆಯ ಮೇಲಿದ್ದರೆ ಅದು ಉಡುಪು, ಜೇಬಿನಲ್ಲಿದ್ದರೆ ಹೊರೆ. ನಿಮ್ಮ ಬೀದಿ ಏರುವ್ ಒಳಗಿದೆಯಾ ಅನ್ನುವುದನ್ನು ನಿಮ್ಮ ರಬ್ಬಿಯನ್ನೇ ಕೇಳಿ.

ಒಗೆಯುವ ವಿಷಯ. ಕ್ರೋಶಾ ಕಿಪ್ಪಾವನ್ನು ತಣ್ಣೀರಿನಲ್ಲಿ ಸ್ವಲ್ಪ ಸೋಪು ಹಾಕಿ ಕೈಯಲ್ಲೇ ಒಗೆಯಿರಿ, ಹಿಂಡಬೇಡಿ. ಟವಲಿನಲ್ಲಿ ಒತ್ತಿ ನೀರು ತೆಗೆದು, ಬೋರಲು ಹಾಕಿದ ಸ್ಟೀಲ್ ಬಟ್ಟಲಿನ ಮೇಲೆ ಒಣಗಿಸಿ, ಆಕಾರ ಹಾಗೇ ನಿಲ್ಲುತ್ತದೆ. ಕ್ಲಿಪ್ ಹೊಲಿದಿದ್ದರೆ ಅದನ್ನು ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ತುಕ್ಕಿನ ಕಲೆ ಹಿಡಿಯುತ್ತದೆ. ಶಬ್ಬಾತ್ ಊಟಕ್ಕೆ ಮುಂಚಿನ ಕಿದ್ದುಷ್ ಪ್ರಾರ್ಥನೆಯ ಹೊತ್ತಿನಲ್ಲಿ ದ್ರಾಕ್ಷಿ ರಸ ಚೆಲ್ಲಿದರೆ ಶನಿವಾರ ಕತ್ತಲಾದ ಮೇಲೆ ಮೊದಲು ತಣ್ಣೀರು ಹಾಯಿಸಿ, ಬಿಸಿನೀರು ಕಲೆಯನ್ನು ಗಟ್ಟಿ ಮಾಡುತ್ತದೆ. ಮಖಮಲ್, ಸ್ವೇಡ್ ನೀರಿಗೆ ಹಾಕಬೇಡಿ, ಬ್ರಷ್ ಸಾಕು. ಬಾತ್‌ರೂಮಿನಲ್ಲಿ ಇಡುವುದೂ ಬೇಡ, ತೇವಕ್ಕೆ ಬೂಸ್ಟು ಬರುತ್ತದೆ.

ಶಾಲೆಯಿಂದ ಹೇನಿನ ಚೀಟಿ ಬಂದರೆ ಗಾಬರಿಯಾಗಬೇಡಿ. ಹೇನು ಹರಡುವುದು ಹೆಚ್ಚಾಗಿ ತಲೆಗೆ ತಲೆ ತಾಗಿ, ಟೋಪಿಯಿಂದ ಕಡಿಮೆ. ಆದರೂ ಮಕ್ಕಳು ಕಿಪ್ಪಾ ಅದಲುಬದಲು ಮಾಡಿಕೊಳ್ಳುತ್ತಾರೆ. ಹಿಂದಿನ ಎರಡು ದಿನಗಳಲ್ಲಿ ಹಾಕಿದ್ದನ್ನು, ಬಟ್ಟೆ ತಡೆಯುವುದಾದರೆ, 55 ಡಿಗ್ರಿ ಬಿಸಿನೀರಿನಲ್ಲಿ ಒಗೆದು ಡ್ರೈಯರಿಗೆ ಹಾಕಿ. ತಡೆಯದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಇಟ್ಟರೆ ಸಾಕು.

ನೆನಪಿಗೆ ಎತ್ತಿಡುವವು ಮೂರು ನಾಲ್ಕು ಇರಲಿ. ಕೂದಲು ತೆಗೆಸಿದ ದಿನ ಹಾಕಿದ್ದು, ಅತ್ತೆ ಮೊದಲು ಹೆಣೆದಿದ್ದು, ಅಂಥವು. ಒಗೆದು ಪೂರ್ತಿ ಒಣಗಿಸಿ, ಒಳಗೆ ಬಿಳಿ ಟಿಶ್ಯೂ ಕಾಗದದ ಉಂಡೆ ಇಟ್ಟು, ರಟ್ಟಿನ ಡಬ್ಬಿಯಲ್ಲಿಡಿ. ಮಡಿಚಬೇಡಿ. ಮಖಮಲ್ಲಿನ ಮೇಲೆ ಭಾರ ಬಿದ್ದರೆ ಅದರ ನವಿರು ಮಲಗಿಬಿಡುತ್ತದೆ. ಈ ಡಬ್ಬಿಗೆ ಬೇಕಾದರೆ ಬೀರುವಿನ ತುದಿಯೇ ಜಾಗ, ಅಮ್ಮನಿಗೂ ಸಮಾಧಾನ. ಊರಿನ ಅಭ್ಯಾಸದಲ್ಲಿ ನುಸಿ ಗುಳಿಗೆ ಮಾತ್ರ ಹಾಕಬೇಡಿ. ನ್ಯಾಫ್ತಲೀನ್ ಗುಳಿಗೆಯನ್ನು ಮಕ್ಕಳು ಮಿಠಾಯಿ ಅಂದುಕೊಂಡು ಬಾಯಿಗೆ ಹಾಕುತ್ತಾರೆ. ಅಷ್ಟೇ ಅಲ್ಲ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಕೂಸುಗಳಿಗೆ ಅದರ ಆವಿಯಿಂದಲೇ ಕೆಂಪು ರಕ್ತಕಣಗಳು ಒಡೆಯಬಹುದು. ಈ ಕೊರತೆ ಕುರ್ದಿಸ್ತಾನ ಮೂಲದ ಯಹೂದಿಗಳಲ್ಲಿ ತುಂಬ ಕಾಣುತ್ತದೆ, ಭಾರತದ ಕೆಲವು ಸಮುದಾಯಗಳಲ್ಲೂ ಇದೆ. ನಿಮ್ಮ ಮಕ್ಕಳಿಗೆ ಎರಡೂ ಕಡೆಯ ರಕ್ತ. ಉಣ್ಣೆಯದ್ದಿದ್ದರೆ ಜಿಪ್ ಕವರು ಸಾಕು.

ಹುಳಿ ಬಂದ ಹಿಟ್ಟಿನ ತಿನಿಸು ಮನೆಯಲ್ಲಿ ಇರಬಾರದ ಪೆಸಾಖ್ ಹಬ್ಬಕ್ಕೆ ಮುಂಚೆ ಹೇಗೂ ಮನೆಯ ಮೂಲೆಮೂಲೆ ತಡಕಿ ರೊಟ್ಟಿ, ಬಿಸ್ಕತ್ತಿನ ಚೂರು ಹುಡುಕುತ್ತೀರಿ. ಕಿಪ್ಪಾ ಬುಟ್ಟಿಯನ್ನೂ ಆಗ ಬೋರಲು ಹಾಕಿ. ಚೂರುಗಳಂತೂ ಸಿಗುತ್ತವೆ, ಈ ವಯಸ್ಸಿನವರಿಗೆ ಕಿಪ್ಪಾ ತಟ್ಟೆಯೂ ಹೌದು. ವರ್ಷದ ವಿಂಗಡಣೆಗೆ ಅದೇ ಸಮಯ. ಮದುವೆಯ ಸ್ಯಾಟಿನ್ ಕಿಪ್ಪಾಗಳನ್ನು ಹತ್ತು ಉಳಿಸಿಕೊಳ್ಳಿ, ಊಟಕ್ಕೆ ಬಂದ ಅತಿಥಿಗಳಿಗೆ ಬೇಕಾಗುತ್ತವೆ. ನಾಲ್ಕಾಗಿ ಮಡಿಚಿದರೂ ಅವಕ್ಕೇನೂ ಆಗುವುದಿಲ್ಲ. ಉಳಿದವನ್ನು ಸಿನಗಾಗ್ ಬಾಗಿಲಲ್ಲಿ ಸಂದರ್ಶಕರಿಗಾಗಿ ಇಟ್ಟಿರುವ ಬುಟ್ಟಿಗೆ ಕೊಡಿ. ಒಳಗೆ ಯಾರದೋ ಮದುವೆಯ ಹೆಸರು, ತಾರೀಕು ಇದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಆ ಬುಟ್ಟಿಯಲ್ಲಿರುವುದೆಲ್ಲ ಅಂಥದ್ದೇ. ತೀರಾ ಹರಿದದ್ದನ್ನು ಒಂದು ಕವರಿನಲ್ಲಿ ಸುತ್ತಿ ಹಾಕಿದರೆ ಮರ್ಯಾದೆಯೂ ಉಳಿಯಿತು. ಬುಖಾರಿ ಅಜ್ಜಿಯ ಜರಿ ಟೋಪಿಯನ್ನು ಶೋಕೇಸಿಗೆ ಏರಿಸಬೇಡಿ. ಅದು ತಲೆಗೆ ಸರಿಯಾಗಿ ಕೂರುವ ಜಾತಿ, ಚಿಕ್ಕದಾಗುವುದಿದ್ದರೆ ಅದೊಂದೇ. ಈಗಲೇ ಶಬ್ಬಾತ್‌ಗೆ ಹಾಕಿಸಿ, ಪಕ್ಕದ ಮನೆಯವರು ನೋಡಲಿ.

ಇನ್ನು ಅತ್ತೆ. ಮಗನ ತಲೆಯ ಸುತ್ತಳತೆ ತೆಗೆದು ಅವರಿಗೆ ಕಳಿಸಿ. ಅಂಚಿನ ಕೊನೆಯ ಸುತ್ತು ಕ್ಲಿಪ್ ತೂರುವಷ್ಟು ಸಡಿಲವಿರಲಿ, ಬಣ್ಣ ಗಾಢವಾಗಿರಲಿ ಅಂತ ಕೇಳಿ. ಹೆಣೆಯುವವರಿಗೆ ಇಂಥ ಬೇಡಿಕೆ ಬಂದರೆ ಸಂತೋಷವೇ. ವರ್ಷಕ್ಕೆ ಎರಡು ಸಾಕು ಅನ್ನುವ ಮಾತನ್ನು ಮಾತ್ರ ನಿಮ್ಮ ಯಜಮಾನರ ಬಾಯಲ್ಲೇ ಹೇಳಿಸಿ.